ಸಿಮಾನಾ ಕಟ್ಟಿದ ನಂಟು

ಸಿಮಾನಾ ನಕ್ಕದ್ದನ್ನು ಕಂಡವರು ನಮ್ಮ ದಂಡೆಯಲ್ಲಿ ಕಡಿಮೆ, ಬೈದದ್ದನ್ನು ಕೇಳದವರಂತೂ ಯಾರೂ ಇಲ್ಲ. ಕೋಳಿಯನ್ನು ಬೈಯುತ್ತಿದ್ದಳು, ಮಳೆಯನ್ನು ಬೈಯುತ್ತಿದ್ದಳು, ಸತ್ತ ಗಂಡ ತನಾಸಿಯೆಯನ್ನು ಅವನ ಗೋರಿಯ ಮೇಲೆ ಮೇಣದಬತ್ತಿ ಹಚ್ಚುತ್ತಲೇ ಬೈಯುತ್ತಿದ್ದಳು, ಬೇಲಿ ಅರ್ಧ ಕಟ್ಟಿ ಹೊರಟುಹೋದನೆಂದು. ಅವಳ ಬಾಯಿಗೆ ಸಿಗದೆ ಉಳಿದವನು ಒಬ್ಬನೇ, ಕೂಮ ವುಯಾದಿನ್. ಕೂಮನನ್ನು ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಹುಟ್ಟಿದ ಮಗುವನ್ನು ಕೈಯಲ್ಲಿ ಹಿಡಿದು ಹೆಸರಿಡುವವನು ಕೂಮ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬರುವ ನಂಟು ಅದು, ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು. ಕೂಮ ಬಾಗಿಲಿಗೆ ಬಂದರೆ ಮನೆಯ ಯಜಮಾನ ಎದ್ದು ನಿಲ್ಲಬೇಕು. ಅವನು ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ನಮ್ಮ ಮಗುವಿಗೆ ಕೂಮನಾಗು ಎಂದು ಯಾರಾದರೂ ಕೇಳಿದರೆ ಅದಕ್ಕೂ ಇಲ್ಲ ಅನ್ನುವಂತಿಲ್ಲ, ಕೇಳಿದವನು ನಿನ್ನ ಹಗೆಯೇ ಆಗಿದ್ದರೂ ಸರಿ.

ವುಯಾದಿನನ ಮನೆ ದ್ರೀನಾ ಹೊಳೆಯ ಆಚೆ ದಂಡೆಯಲ್ಲಿ, ಸರ್ಬಿಯಾದಲ್ಲಿತ್ತು. ಸಿಮಾನಾಳ ಮನೆ ಈಚೆ, ಬೋಸ್ನಿಯಾದ ಗುಡ್ಡದ ಮೇಲೆ. ಅವಳು ಹುಟ್ಟಿದ್ದೂ ಆಚೆಯ ಊರಿನಲ್ಲೇ. ಮದುವೆಯ ದಿಬ್ಬಣ ದೋಣಿಯಲ್ಲಿ ಬಂದಿತ್ತು. ಎರಡೂ ಕಡೆ ಅದೇ ಭಾಷೆ, ಅದೇ ಪ್ಲಮ್ ಹಣ್ಣಿನ ತೋಟ, ಅದೇ ಬೈಗುಳ. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಗೆ ಕೇಳಿಸುತ್ತಿತ್ತು. ಸಿಮಾನಾಳ ಗಂಟಲಿಗಂತೂ ದೋಣಿಯ ಹಂಗೇ ಇಲ್ಲ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು.

ಅವಳು ಸೊಸೆಯಾಗಿ ಬರುವ ಹೊತ್ತಿಗೆ ತುರ್ಕಿಯ ಸುಲ್ತಾನನ ಆಳುಗಳು ಹೋಗಿ ವಿಯೆನ್ನಾದ ಚಕ್ರವರ್ತಿಯ ಸೈನ್ಯ ಈಚೆ ದಂಡೆಗೆ ಬಂದಾಗಿತ್ತು. ಹೊಸಬರು ರಸ್ತೆ ಹಾಕಿದರು, ತಂತಿ ಎಳೆದರು, ಪೊಲೀಸ್ ಠಾಣೆ ಕಟ್ಟಿದರು. ಬೆಳೆದದ್ದರಲ್ಲಿ ಮೂರನೇ ಒಂದು ಪಾಲನ್ನು ಜಮೀನ್ದಾರ ಆಗಾನ ಕಣಜಕ್ಕೆ ಹೊತ್ತು ಹಾಕುವುದು ಮಾತ್ರ ಹಾಗೆಯೇ ಉಳಿಯಿತು. ಅದೊಂದು ಹೋಗುತ್ತದೆಂದು ಜನ ಕಾದರು. ಕಾದೂ ಕಾದೂ ಹಲ್ಲುದುರಿದವು. ತನಾಸಿಯೆ ಬೆನ್ನ ಮೇಲೆ ಮೂಟೆ ಹೊತ್ತುಕೊಂಡೇ ಮುದುಕನಾದ.

ಆಮೇಲೆ ಹಂದಿಗಳ ಜಗಳ ಬಂತು. ವುಯಾದಿನ್ ಆಚೆ ದಂಡೆಯ ಓಕ್ ಕಾಡಿನಲ್ಲಿ ಹಂದಿ ಮೇಯಿಸಿ ಚಕ್ರವರ್ತಿಯ ದೇಶಕ್ಕೆ ಮಾರುತ್ತಿದ್ದವನು. ಸರ್ಬಿಯಾದಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಒಂದು ವರ್ಷ ಸರ್ಬಿಯಾ ತನ್ನ ಫಿರಂಗಿಗಳನ್ನು ವಿಯೆನ್ನಾದ ಕಡೆಯವರಿಂದ ಕೊಳ್ಳುವುದು ಬಿಟ್ಟು ಫ್ರಾನ್ಸಿನವರಿಂದ ಕೊಳ್ಳಲು ಹೊರಟಿತು. ವಿಯೆನ್ನಾ ಸಿಟ್ಟಾಗಿ, ಸರ್ಬಿಯಾದ ಹಂದಿಗೆ ರೋಗ ಬಂದಿದೆ ಎಂದು ಗಡಿ ಮುಚ್ಚಿತು. ವುಯಾದಿನ್ ಹಬ್ಬಕ್ಕೆ ಬಂದವನು ಊಟ ಸೇರದೆ ಕೂತಿದ್ದ.

"ನನ್ನ ಹಂದಿ ಯಾವ ಫಿರಂಗಿ ಕೊಂಡಿತ್ತವ್ವ ಸಿಮಾನಾ? ಕೊಬ್ಬಿ ಕೊಬ್ಬಿ ಕಾಲೆತ್ತಕ್ಕೆ ಆಗ್ದೆ ಬಿದ್ಕೊಂಡಿದಾವೆ. ರೋಗ ಅಂತೆ. ರೋಗ ಇರೋದು ಅವರ ಕಣ್ಣಿಗೆ."

"ತಿನ್ನು ಕೂಮ. ಹಂದಿ ಮೇಲಿನ ಸಿಟ್ಟು ಎಲೆಕೋಸಿನ ಮೇಲೆ ಯಾಕೆ?" ಎಂದು ಸಿಮಾನಾ ಬಡಿಸಿದಳು. ಅವನು ತಿಂದ. ಆದರೆ ಅವತ್ತಿನಿಂದ ಅವನ ಬಾಯಲ್ಲಿ ಚಕ್ರವರ್ತಿಯ ಹೆಸರು ಬಂದಾಗಲೆಲ್ಲ ಜೊತೆಗೆ ಉಗುಳೂ ಬರತೊಡಗಿತು.

ಎರಡು ವರ್ಷ ಕಳೆಯಿತು. ಸಂತೆಯಲ್ಲಿ ಡಂಗುರ ಹೊಡೆದು, ಬೋಸ್ನಿಯಾ ಇನ್ನು ಮುಂದೆ ಚಕ್ರವರ್ತಿಯ ಸ್ವಂತ ಆಸ್ತಿ ಎಂದು ಸಾರಿದರು. ಅಲ್ಲಿಯವರೆಗೆ ಹೆಸರಿಗಾದರೂ ಅದು ಸುಲ್ತಾನನದಾಗಿತ್ತು. ಸಿಮಾನಾ ಮೊಟ್ಟೆಯ ಬುಟ್ಟಿ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಮೂವತ್ತು ವರ್ಷ ಒಂದೇ ಹಾಸಿಗೇಲಿ ಮಲಗಿದ್ದೋನು ಇವತ್ತು ಮದುವೆ ಅಂತ ಡೋಲು ಬಾರಿಸ್ತಾನಲ್ಲ." ಜನ ನಕ್ಕರು. ಆಚೆ ದಂಡೆಯಲ್ಲಿ ಯಾರೂ ನಗಲಿಲ್ಲ. ಅವರು ಬೋಸ್ನಿಯಾ ಎಂದಾದರೂ ತಮ್ಮದಾಗುತ್ತದೆಂದು ನಂಬಿಕೊಂಡಿದ್ದವರು. ಯುದ್ಧ ಯುದ್ಧ ಎಂದು ಬೀದಿಯಲ್ಲಿ ಕೂಗಾಡಿದರು. ಬೆನ್ನಿಗೆ ನಿಲ್ಲಬೇಕಾದ ರಷ್ಯಾ ಆಗ ಕೈಲಾಗದೆ ಸುಮ್ಮನಾಯಿತು, ಜರ್ಮನಿ ಒಂದು ಸಲ ಗದರಿತು, ಸರ್ಬಿಯಾ ಅವಮಾನ ನುಂಗಿಕೊಂಡಿತು. "ಈ ಸಲ ನುಂಗಿದ್ದೀವಿ. ಇನ್ನೊಂದು ಸಲ ಗಂಟಲಲ್ಲಿ ಇಳಿಯಲ್ಲ," ಎಂದ ವುಯಾದಿನ್. ಅಲ್ಲಿಂದ ಮುಂದೆ ಹೊಳೆ ದಾಟಲು ಚೀಟಿ ಬೇಕಾಯಿತು. ಹಬ್ಬಕ್ಕೆ ಕೂಮ ಬರುವುದೂ ಠಾಣೆಯವರ ಮರ್ಜಿಗೆ ಬಿತ್ತು.

ಮತ್ತೆ ನಾಲ್ಕು ವರ್ಷಕ್ಕೆ ಸರ್ಬಿಯಾ ತುರ್ಕರ ಮೇಲೆ ಯುದ್ಧಕ್ಕೆ ಹೋಗಿ ಗೆದ್ದಿತು, ದೇಶ ಒಂದಕ್ಕೆ ಎರಡಾಯಿತು. ವುಯಾದಿನನ ಹಿರಿಯ ಮಗ ಮಾತ್ರ ಮನೆಗೆ ಬರಲಿಲ್ಲ. ಈಚೆ ದಂಡೆಯ ನಮ್ಮ ಹುಡುಗರು ಗೆದ್ದವರ ಹಾಡು ಗುನುಗಿದರು. ವಿಯೆನ್ನಾದವರು ಹೆದರಿ ಠಾಣೆಗೆ ಇನ್ನಷ್ಟು ಪೊಲೀಸರನ್ನು ತುಂಬಿದರು. ಹೆದರಿದ ಪೊಲೀಸಿಗಿಂತ ಕೆಟ್ಟದ್ದು ಇನ್ನೊಂದಿಲ್ಲ ಎಂದು ಸಿಮಾನಾಗೆ ಗೊತ್ತಿತ್ತು. ಮಗ ಓಸ್ತೊಯಾ ಹಾಡು ಗುನುಗಿದರೆ ಬೆನ್ನಿಗೆ ಗುದ್ದುತ್ತಿದ್ದಳು. ಹೆತ್ತದ್ದು ಏಳು, ಉಳಿದದ್ದು ಅವನೊಬ್ಬ. ಸೈನ್ಯದ ಚಾಕರಿ ಮುಗಿಸಿ ಬಂದು ಹೊಲ ನೋಡಿಕೊಂಡಿದ್ದ. ಮಾತು ಕಡಿಮೆ, ಎತ್ತಿನ ಜೊತೆಗೇ ಹೆಚ್ಚು ಮಾತು. ಅವನಿಗೆ ಮದುವೆ ಮಾಡಿ ದೆಸಾ ಎಂಬ ಸೊಸೆಯನ್ನು ತಂದಳು. ದೆಸಾಳ ಮೊದಲ ಎರಡು ಮಕ್ಕಳು ಹುಟ್ಟುತ್ತಲೇ ಹೋದವು. ಸಿಮಾನಾ ಆಗಲೂ ಬೈದಳು, ದೇವರನ್ನು.

ಇಸವಿ ಹದಿನಾಲ್ಕರ ಬೇಸಿಗೆಯ ಆ ಭಾನುವಾರ ವಿದೊವ್‌ದಾನ್. ನಮ್ಮ ಹಿರಿಯರು ಕೊಸೊವೊದಲ್ಲಿ ಸೋತು ಸತ್ತದ್ದನ್ನು ನೆನೆಯುವ ದಿನ. ಬೆಳಗ್ಗೆಯಿಂದ ದೆಸಾಳಿಗೆ ನೋವು. ಬೇಲಿಯಾಚೆಯ ಮುಸ್ಲಿಂ ಮನೆಯ ಉಮಿಹಾನಾ ಬಂದು ಕೂತಿದ್ದಳು. ನಮ್ಮ ಗುಡ್ಡದಲ್ಲಿ ಶಿಲುಬೆಯವರ ಮನೆಯಾಗಲಿ, ಮಸೀದಿಯವರ ಮನೆಯಾಗಲಿ, ಮಕ್ಕಳು ಲೋಕಕ್ಕೆ ಬರುತ್ತಿದ್ದುದು ಅವಳ ಕೈಯಿಂದಲೇ. ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಉಮಿಹಾನಾ ಹೊರಗೆ ತಲೆ ಹಾಕಿ, "ಗಂಡು ಕಣೇ. ಗಂಟಲು ನೋಡು, ನಿನ್ನದೇ," ಎಂದಳು.

ಸಿಮಾನಾ ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದರೆ ಮಗ ಬೆಪ್ಪಾಗಿ ನಿಂತಿದ್ದಾನೆ.

"ಏನೋ ಕಲ್ಲು ಕಲ್ಲಾಗಿ ನಿಂತಿದೀಯ. ಗಂಡು ಮಗ ಹುಟ್ಟಿದಾನೆ. ಪಿಸ್ತೂಲು ಎಲ್ಲಿ? ನೀನು ಹುಟ್ಟಿದಾಗ ನಿಮ್ಮಪ್ಪ ಗುಡ್ಡ ನಡುಗೋ ಹಾಗೆ ಹಾರಿಸಿದ್ದ. ಜನ ಏನಂದ್ಕೋತಾರೆ, ಮೂರನೆಯದೂ ಹೋಯ್ತು ಅಂದ್ಕೋತಾರೆ."

"ಇವತ್ತು ಸತ್ತೋರ ದಿನ ಅಮ್ಮ."

"ನಮ್ಮ ಮನೇಲಿ ಹುಟ್ಟಿದ ದಿನ. ಹಾರಿಸು."

ಗಂಡು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮ ಪದ್ಧತಿ. ಓಸ್ತೊಯಾ ಜಂತಿಯ ಮೇಲಿದ್ದ ಅಜ್ಜನ ಕಾಲದ ಪಿಸ್ತೂಲು ಇಳಿಸಿ ಮೂರು ಸಲ ಆಕಾಶಕ್ಕೆ ಹಾರಿಸಿದ. ಮೂರನೆಯ ಸಲಕ್ಕೆ ಅವನ ಮುಖದಲ್ಲೂ ನಗು ಬಂತು.

ಕೆಳಗೆ ಠಾಣೆಯಲ್ಲಿ ಸಾರ್ಜೆಂಟ್ ಯೂರೆ ಆಗತಾನೇ ಬಂದ ತಂತಿ ಹಿಡಿದು ನಿಂತಿದ್ದ. ಸರಯೇವೊದಲ್ಲಿ ಚಕ್ರವರ್ತಿಯ ಪಟ್ಟದ ರಾಜಕುಮಾರನನ್ನೂ ಅವನ ಹೆಂಡತಿಯನ್ನೂ ಒಬ್ಬ ಸರ್ಬ್ ವಿದ್ಯಾರ್ಥಿ ಗುಂಡಿಟ್ಟು ಕೊಂದಿದ್ದಾನೆ ಎಂದಿತ್ತು. ಅದನ್ನು ಅವನು ಓದಿ ಮುಗಿಸುವುದಕ್ಕೂ ಗುಡ್ಡದ ಮೇಲಿಂದ ಮೂರು ಗುಂಡು ಕೇಳಿಸುವುದಕ್ಕೂ ಸರಿಹೋಯಿತು. ಹೊರಟು ಬಂದ.

"ಮೊಮ್ಮಗ ಹುಟ್ಟಿದ ಸಾರ್ಜೆಂಟರೇ. ಒಳಗಿದೆ ನೋಡಿ, ಹೊಕ್ಕುಳು ಇನ್ನೂ ಹಸಿ," ಎಂದಳು ಸಿಮಾನಾ. ಏನಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಯೂರೆ ತಂತಿಯಲ್ಲಿದ್ದುದನ್ನು ಓದಿ ಹೇಳಿದ. "ಅಯ್ಯೋ, ನಮಗೇನು ತಂತಿ ಬರುತ್ತಾ? ನಿಮಗೆ ಗೊತ್ತಾಗೋ ಮುಂಚೆ ನಮಗೆ ಹ್ಯಾಗೆ ಗೊತ್ತಾಗುತ್ತೆ?"

"ಅದನ್ನೇ ಪಟ್ಟಣದಲ್ಲಿ ಕೇಳ್ತಾರೆ," ಎಂದ ಯೂರೆ. "ನಮಗೆ ಗೊತ್ತಾಗೋಕೆ ಮುಂಚೆ ನಿಮಗೆ ಹ್ಯಾಗೆ ಗೊತ್ತಿತ್ತು ಅಂತ."

ಓಸ್ತೊಯಾನ ಕೈಗೆ ಕೋಳ ಬಿತ್ತು. ಅಲ್ಲಿಂದ ಒಂದು ತಿಂಗಳು ಸಿಮಾನಾ ಮನೆಯಲ್ಲಿ ನಿಲ್ಲಲಿಲ್ಲ. ಪಟ್ಟಣದ ಜೈಲಿನ ಬಾಗಿಲಿಗೆ ಅಲೆದಳು. ಕೊಲೆಯ ಸಂಚು ಮೊದಲೇ ಗೊತ್ತಿದ್ದು ಕುಣಿದವರಿಗೆ ಹಗ್ಗವೇ ಗತಿ ಎಂದು ಬಾಗಿಲಿನವನು ಸಿಗರೇಟು ಕೇಳುವಷ್ಟೇ ಸಲೀಸಾಗಿ ಹೇಳಿದ. ಉಮಿಹಾನಾ ತಾನಾಗಿ ಜೊತೆಗೆ ಬಂದು, ಮಗುವನ್ನು ಹಿಡಿದ ಕೈ ಇದೇ ಎಂದು ಕೈ ಚಾಚಿ ತೋರಿಸಿ ಆಣೆಯಿಟ್ಟಳು. ಅಧಿಕಾರಿ ಅವಳ ಕೈಯ ಕಡೆ ನೋಡಲೂ ಇಲ್ಲ. ಬೇಲಿಗೆ ಬೇಲಿ ಹತ್ತಿದವರು ಒಬ್ಬರಿಗೊಬ್ಬರು ಸಾಕ್ಷಿ ಹೇಳುವುದು ಹೊಸದೇನಲ್ಲ ಎಂದ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ಬರಲಿ, ಹೆಸರಿಟ್ಟ ಕೂಮ ಬರಲಿ, ಹುಟ್ಟಿದ ದಿನ ಹೇಳಲಿ ಎಂದ. ಪಾದ್ರಿಯನ್ನು ಎರಡನೇ ದಿನವೇ ಹಿಡಿದೊಯ್ದಿದ್ದರು. ಕೂಮ ಹೊಳೆಯಾಚೆ, ದೋಣಿಗಳನ್ನೆಲ್ಲ ಸರಪಳಿ ಹಾಕಿ ಕಟ್ಟಿದ್ದರು. ಹೆಸರೇ ಇಲ್ಲದ ಕೂಸು ಮನೆಯಲ್ಲಿ ಅಳುತ್ತಿತ್ತು. ಒಂದು ಸಂಜೆ ವುಯಾದಿನ್ ಆಚೆ ದಂಡೆಗೆ ಬಂದು ಕೈಯೆತ್ತಿ ನಿಂತ. ಸಿಮಾನಾ ಬಾಯಿ ತೆರೆದಳು, ಈಚೆಯ ಕಾವಲಿನವನು ಬಂದೂಕು ಎತ್ತಿದ, ಅವಳು ಬಾಯಿ ಮುಚ್ಚಿದಳು. ಹತ್ತಿರದವರನ್ನು ಕಣ್ಣೆದುರಿಗಿಟ್ಟುಕೊಂಡು ಕರೆಯಲಾಗದಿರುವುದು ಎಷ್ಟು ದೊಡ್ಡ ಹಿಂಸೆ ಎಂದು ಅವಳಿಗೆ ಅವತ್ತು ತಿಳಿಯಿತು.

ಹೊಳೆಯಿಂದ ಏರಿ ಬರುವಾಗಲೇ ಅವಳಿಗೆ ಆ ಯೋಚನೆ ಹೊಳೆದದ್ದು. ಮಕ್ಕಳು ಉಳಿಯದ ಮನೆಯವರು ನಮ್ಮಲ್ಲಿ ಒಂದು ಕೆಲಸ ಮಾಡುತ್ತಾರೆ. ಕೂಸನ್ನು ದಾರಿ ಕೂಡುವಲ್ಲಿ ಮಲಗಿಸಿ, ಎದೆಯ ಮೇಲೆ ಕತ್ತರಿಯಿಟ್ಟು, ಮರೆಗೆ ನಿಲ್ಲುತ್ತಾರೆ. ಮೊದಲು ಬಂದವನು ಅದರ ಕೂದಲು ಕತ್ತರಿಸಬೇಕು. ಅವನೇ ಆ ಕೂಸಿಗೆ ಕೂಮ. ಮತ ಕೇಳುವುದಿಲ್ಲ, ಕುಲ ಕೇಳುವುದಿಲ್ಲ. ದಾಟಿ ಹೋಗುವಂತಿಲ್ಲ, ಹೋದರೆ ಅವನ ಮನೆಯ ತೊಟ್ಟಿಲು ಬರಿದಾಗುತ್ತದೆ. ಕತ್ತರಿಸಿದ ಗಳಿಗೆಯಿಂದ ಅವನು ಆ ಮನೆಯವನು. ಆ ಮನೆಯ ಒಂದು ಕೂದಲಿಗೂ ಅವನಿಂದ ಕೇಡಾಗಬಾರದು. ಯೂರೆ ಹೆರ್ಜೆಗೊವಿನಾದ ಕಲ್ಲುನೆಲದವನು. ಕ್ಯಾಥೊಲಿಕ್ ನಿಜ, ನಮ್ಮ ಆರ್ಥೊಡಾಕ್ಸ್ ಪಂಥದವನಲ್ಲ, ಆದರೆ ಈ ಪದ್ಧತಿ ಅವನ ಊರಲ್ಲೂ ಇತ್ತು. ದಿನಾ ಬೆಳಗ್ಗೆ ದೋಣಿಕಟ್ಟೆ ನೋಡಲು ಅವನು ಬರುವ ದಾರಿ ಗುಡ್ಡದ ದಾರಿಗೆ ಕೂಡುವುದು ದೊಡ್ಡ ಲಿಂಡೆನ್ ಮರದ ಕೆಳಗೆ.

"ಅತ್ತೆ, ವುಯಾದಿನ್ ಮಾವ ಏನಂತಾರೆ?" ಎಂದಳು ದೆಸಾ, ಕೂಸನ್ನು ಬಿಗಿಯಾಗಿ ಅಪ್ಪಿಕೊಂಡು. "ಅವರ ಮನೆಯವರ ಕೈ ಬೀಳೋಕೆ ಮುಂಚೆ ಇನ್ನೊಬ್ಬನ ಕತ್ತರಿ ಬೀಳಿಸ್ತೀರಾ? ಅದೂ ಅವನದಾ?"

"ವುಯಾದಿನನ ಕಾಲು ಆಮೇಲೆ ಹಿಡ್ಕೋತೀನಿ. ಪಾಪ ಬಂದರೆ ನನ್ನ ತಲೆ ಮೇಲೆ ಬರಲಿ. ನಿನಗೆ ಗಂಡ ಬೇಕೋ ಬೇಡವೋ? ಕೊಡು."

ಶುಕ್ರವಾರ ಬೆಳಗ್ಗೆ ಉಮಿಹಾನಾ ತನ್ನ ಹಸುವನ್ನು ಗುಡ್ಡದ ದಾರಿಗೆ ಅಡ್ಡ ನಿಲ್ಲಿಸಿಕೊಂಡು, ಮೇಲಿಂದ ಇಳಿಯುವವರನ್ನೆಲ್ಲ ಅದೂ ಇದೂ ಹೇಳಿ ತಡೆದಳು. ಬೇರೆ ಯಾರೂ ಮೊದಲು ಬಂದುಬಿಡಬಾರದಲ್ಲ. ಸಿಮಾನಾ ಮರದ ಹಿಂದೆ. ಕೂಸು ಕಂಬಳಿಯ ಮೇಲೆ ಕಾಲು ಆಡಿಸುತ್ತಿತ್ತು. ಯೂರೆ ಬಂದ. ಹಿಂದೆ ಎಲ್ಲೋ ದೂರದ ಮೊರಾವಿಯಾದ ಒಬ್ಬ ಎಳೆ ಪೊಲೀಸು. ಯೂರೆ ಕೂಸನ್ನು ಕಂಡ, ಕತ್ತರಿಯನ್ನು ಕಂಡ, ನಿಂತ. ಸುತ್ತ ನೋಡಲಿಲ್ಲ. ಯಾರ ಕೂಸು, ಯಾಕೆ ಇವತ್ತು, ಯಾಕೆ ಇಲ್ಲಿ ಎಲ್ಲವೂ ಅವನಿಗೆ ಒಂದೇ ನೋಟಕ್ಕೆ ಅರ್ಥವಾಗಿತ್ತು. ಸಿಮಾನಾ ಮರದ ತೊಗಟೆಗೆ ಇನ್ನಷ್ಟು ಒತ್ತಿಕೊಂಡಳು. ಹೋಗಿಬಿಡುತ್ತಾನೆ ಅನ್ನಿಸಿತು.

"ಏನು ಸಾರ್, ಅನಾಥ ಮಗುವಾ?" ಎಂದ ಹಿಂದಿನವನು.

"ಬಾಯಿ ಮುಚ್ಚು. ಟೋಪಿ ತೆಗಿ," ಎಂದ ಯೂರೆ. ತಾನೂ ತೆಗೆದ. ಮೊಣಕಾಲೂರಿ ಒಂದು ಎಳೆ ಕೂದಲು ಕತ್ತರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ಮರದ ಕಡೆ ತಿರುಗದೆಯೇ, "ಬಾ ಈಚೆ ಮುದುಕಿ. ನೀನು ನನ್ನ ಕೈಗೆ ಹಾಕಿದ ಕೋಳ ನಾನು ನಿನ್ನ ಮಗನಿಗೆ ಹಾಕಿದ್ದಕ್ಕಿಂತ ಗಟ್ಟಿ," ಎಂದ.

ಕೂಮ ಬಂದ ಮೇಲೆ ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಸಿಮಾನಾ ಅವನ ಕೈಗೆ ನೀರು ಹಾಕಿ, ತನಾಸಿಯೆ ಕೂರುತ್ತಿದ್ದ ಜಾಗದಲ್ಲಿ ಕೂರಿಸಿ, ಮೆಕ್ಕೆಜೋಳದ ರೊಟ್ಟಿ, ಕೆನೆ, ಪ್ಲಮ್ ಸಾರಾಯಿ ಇಟ್ಟಳು. ತಿಂಗಳ ಹಿಂದೆ ತನ್ನ ಮಗನನ್ನು ಎಳೆದೊಯ್ದ ಕೈ ಅದು. ಅದನ್ನು ಬಗ್ಗಿ ಮುತ್ತಿಡುವಾಗ ಅವಳ ಮೈ ಉರಿಯಿತು, ಮುತ್ತಿಟ್ಟಳು. ಯೂರೆ ಕುಡಿದು ಲೋಟ ಕೆಳಗಿಟ್ಟ.

"ಓಸ್ತೊಯಾನ ವಿಷಯ ಇವತ್ತೇ ಹೋಗಿ ಹೇಳ್ತೀನಿ," ಎಂದ. "ಹಾರಿಸಿದ್ದು ಹುಟ್ಟಿದ್ದಕ್ಕೆ, ನಾನೇ ವಿಚಾರಿಸಿದೀನಿ, ಕೂಸು ನಾನೇ ಕಂಡಿದೀನಿ ಅಂತ ಆಣೆ ಇಡ್ತೀನಿ. ನನ್ನ ಮಾತು ತೆಗೆದುಹಾಕಲ್ಲ. ಆದರೆ ಬೇಗ ಆಗಬೇಕು ಕೂಮವ್ವ. ನಮ್ಮೋರು ನಿನ್ನೆ ಬೆಲ್‌ಗ್ರೇಡಿಗೆ ಒಂದು ಕಾಗದ ಕೊಟ್ಟಿದಾರೆ. ಎರಡು ದಿನದಲ್ಲಿ ಎಲ್ಲಕ್ಕೂ ಹೂಂ ಅನ್ನಬೇಕು, ಇಲ್ಲಾ ಅಂದ್ರೆ."

"ಇಲ್ಲಾ ಅಂದ್ರೆ?"

"ಯುದ್ಧ. ಕಾಗದ ಬರೆದಿರೋದೇ ಹೂಂ ಅನ್ನಬಾರದು ಅಂತ."

"ಇಲ್ಲ ಅನ್ನಲಿ ಬಿಡು. ಹೊಳೆ ಆಚೆಯೋರು ಈಚೆಯೋರು ಒಂದು ವಾರ ಹೊಡೆದಾಡ್ತಾರೆ."

"ಎಲ್ಲಿ ವಾರ." ಯೂರೆ ರೊಟ್ಟಿ ಮುರಿದ. "ನೀನು ಇವತ್ತು ನನಗೆ ಮಾಡಿದ್ದನ್ನ ಅವರು ಒಬ್ಬರಿಗೊಬ್ಬರು ಯಾವಾಗಲೋ ಮಾಡ್ಕೊಂಡಿದಾರೆ. ಸರ್ಬಿಯಾಕ್ಕೆ ರಷ್ಯಾದೋನು ಕೂಮ. ರಷ್ಯಾದೋನಿಗೆ ಫ್ರಾನ್ಸಿನೋನು ಕೂಮ. ನಮ್ಮ ಮುದುಕ ಚಕ್ರವರ್ತಿಗೆ ಜರ್ಮನಿಯೋನು. ಒಬ್ಬ ಕೂಗಿದ್ರೆ ಇನ್ನೊಬ್ಬ ಬರಲ್ಲ ಅನ್ನೋ ಹಾಗಿಲ್ಲ. ಬಂದ್ರೆ ಅವನ ಕೂಮನೂ ಬರಬೇಕು."

"ಆ ಇಂಗ್ಲೆಂಡಿನೋನು?"

"ಅವನು ಯಾರ ಮಗೂಗೂ ಹೆಸರಿಟ್ಟೋನಲ್ಲ. ಊಟಕ್ಕೆ ಬಡಿಸಿದ ಮೇಲೆ ಬಂದು ಕೂರ್ತಾನೆ ನೋಡ್ತಿರು."

ಸಿಮಾನಾ ತೊಟ್ಟಿಲ ಕಡೆ ನೋಡಿದಳು. "ಇಷ್ಟೊಂದು ಕೂಮರು ಸೇರಿದಾರಲ್ಲ, ಮಗು ಯಾವುದು?"

"ಮಗು ಇಲ್ಲ ಕೂಮವ್ವ," ಎಂದ ಯೂರೆ. "ಬರೀ ಕತ್ತರಿ."

ಮಾತಿಗೆ ತಪ್ಪಲಿಲ್ಲ ಅವನು. ಶನಿವಾರ ಸಂಜೆ ಓಸ್ತೊಯಾ ಮನೆಗೆ ಬಂದ. ಗಡ್ಡ ಬೆಳೆದಿತ್ತು, ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎಡಗಾಲು ಎಳೆಯುತ್ತಿದ್ದ. ಯಾರು ಹೊಡೆದರು, ಎಷ್ಟು ಹೊಡೆದರು ಎಂದು ಕೇಳಲು ಸಿಮಾನಾಗೆ ಧೈರ್ಯ ಬರಲಿಲ್ಲ. ಅವನು ಕೂಸನ್ನು ಎತ್ತಿಕೊಂಡು ದೀಪದ ಹತ್ತಿರ ಹಿಡಿದು, ಕತ್ತರಿ ಬಿದ್ದ ಜಾಗದ ಮೇಲೆ ಬೆರಳಾಡಿಸಿದ. "ಯಾರ ಕೈಯಿಂದಾದ್ರೂ ಆಗಲಿ, ನಾನು ಮನೆಗೆ ಬಂದ್ನಲ್ಲ," ಎಂದ. ಅವನು ತಿನ್ನುವುದನ್ನು ಸಿಮಾನಾ ಎದುರಿಗೇ ಕೂತು ನೋಡಿದಳು. ಅವಳ ಜೀವಮಾನದಲ್ಲಿ ಅಷ್ಟು ಸುಖದ ಊಟ ಇನ್ನೊಂದಿಲ್ಲ, ಅವಳು ಒಂದು ತುತ್ತೂ ತಿಂದಿರಲಿಲ್ಲ.

ಭಾನುವಾರ ಬೆಳಗ್ಗೆ ಡೋಲು ಕೇಳಿಸಿತು.

ಸರ್ಬಿಯಾ ಕಾಗದದಲ್ಲಿದ್ದುದಕ್ಕೆಲ್ಲ ಹೆಚ್ಚುಕಡಿಮೆ ಹೂಂ ಅಂದಿತ್ತಂತೆ, ಒಂದೆರಡಕ್ಕೆ ಅಂದಿರಲಿಲ್ಲವಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ. ಅವತ್ತು ಗೊತ್ತಾದದ್ದು ಇಷ್ಟೇ, ಸೈನ್ಯದಲ್ಲಿ ಚಾಕರಿ ಮುಗಿಸಿದ ಗಂಡಸರೆಲ್ಲ ನಾಳೆ ಬೆಳಗ್ಗೆ ಪಟ್ಟಣದ ಸೇತುವೆಯ ಹತ್ತಿರ ಹಾಜರಾಗಬೇಕು. ಬರದವರನ್ನು ಅವರ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲುತ್ತಾರೆ. ಎಲ್ಲಿಗೆ ಕಳಿಸುತ್ತಾರೆ ಎಂದು ಯಾರೋ ಕೇಳಿದರು. ಡೋಲಿನವನು ಹೊಳೆಯ ಕಡೆ ಕೈ ತೋರಿಸಿದ.

ಸಿಮಾನಾ ಗುಡ್ಡ ಇಳಿದು ಠಾಣೆಗೆ ಓಡಿದಳು. ಯೂರೆ ಚಾವಡಿಯಲ್ಲಿ ನಿಂತಿದ್ದ, ಅವಳು ಬರುವುದನ್ನು ಕಂಡೂ ಒಳಗೆ ಹೋಗಲಿಲ್ಲ.

"ಕೂಮ, ಅವನನ್ನ ಜೈಲಿಗೆ ಹಾಕು."

ಯೂರೆ ಚಾವಡಿಯಿಂದ ಇಳಿದು ಹತ್ತಿರ ಬಂದ.

"ಜೈಲಲ್ಲಿ ಇದ್ದೋರನ್ನ ಕರೆದಿಲ್ಲ, ಕೇಳ್ಕೊಂಡು ಬಂದೆ. ನಾನು ಸುಳ್ಳು ಹೇಳಿದ್ದೆ ಅನ್ನು. ರಾಜಕುಮಾರ ಸತ್ತ ಅಂತ ಖುಷಿಗೇ ಹಾರಿಸಿದ್ದು ಅನ್ನು. ನಾನೇ ಹಾರಿಸು ಅಂದೆ, ನನ್ನನ್ನೂ ಹಾಕು."

"ಏನು ಮಾತಾಡ್ತಿದೀಯ ನೀನು? ನಿನ್ನೆ ಮೊನ್ನೆ ಆ ಹಗ್ಗ ತಪ್ಪಿಸೋಕೆ ತಾನೆ ನನ್ನ ದಾರಿಗೆ ಕೂಸು ಹಾಕಿದ್ದು?"

"ಹಗ್ಗ ಇನ್ನೂ ದೂರ ಇತ್ತು. ಇದು ನಾಳೆ. ಆಚೆ ದಂಡೇಲಿ ನನ್ನ ಅಣ್ಣತಮ್ಮಂದಿರ ಮಕ್ಕಳಿದಾರೆ. ವುಯಾದಿನನ ಕಿರಿ ಮಗ ಇದಾನೆ. ಇವನು ಹೋಗಿ ಅವನಿಗೆ ಹೊಡೀಬೇಕಾ, ಅವನು ಇವನಿಗೆ ಹೊಡೀಬೇಕಾ? ಕುಂಟುಗಾಲಲ್ಲಿ ಆ ನೀರಿಗೆ ಹ್ಯಾಗೆ ಇಳೀತಾನೆ? ಕೂಮ ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ಕೇಳ್ತಿದೀನಿ."

ಯೂರೆ ಅವಳ ಹೆಗಲು ಹಿಡಿದುಕೊಂಡ. "ಮೊನ್ನೆ ಆಗಿದ್ರೆ ಅವನನ್ನ ಒಳಗೆ ಇಡೋದು ಬಿಡೋದು ನನ್ನ ಬಾಯಲ್ಲಿತ್ತು. ಇವತ್ತು ಯಾರು ಯಾವಾಗ ಯಾಕೆ ಹಾರಿಸಿದ ಅಂತ ಕೇಳೋನೇ ಇಲ್ಲ ಕೂಮವ್ವ. ಆ ಮಾತು ಮುಗೀತು. ನನಗೂ ಬಂದಿದೆ ಕರೆ."

ಸೋಮವಾರ ಅವಳು ಸೇತುವೆಗೆ ಹೋದಳು. ಓಸ್ತೊಯಾ ಮನೆಯಿಂದ ಹೊರಡುವಾಗ ಅವನನ್ನು ತಬ್ಬಿಕೊಳ್ಳಲೂ ಇಲ್ಲ. ಅವನಿಗಿಂತ ಮೊದಲೇ ಅಡ್ಡದಾರಿ ಹಿಡಿದು ಹೊರಟುಬಿಟ್ಟಿದ್ದಳು, ಇನ್ನೂ ಒಂದು ದಾರಿಯಿದೆ ಎಂದುಕೊಂಡು. ಗಂಡಸರನ್ನು ಸಾಲಾಗಿ ನಿಲ್ಲಿಸಿ ಬಂದೂಕು ಹಂಚುತ್ತಿದ್ದರು. ಮೇಜಿನ ಹಿಂದೆ ಒಬ್ಬ ಸೈನ್ಯಾಧಿಕಾರಿ, ನಮ್ಮ ಭಾಷೆ ಬಾರದವನು. ಪಕ್ಕದಲ್ಲಿ ಅವನಿಗೆ ತಿಳಿಸಿ ಹೇಳುವವನೊಬ್ಬ. ಸಾಲು ಜರುಗಿ ಓಸ್ತೊಯಾ ಮುಂದೆ ಬರುವ ಹೊತ್ತಿಗೆ ಸಿಮಾನಾ ಕಾವಲಿನವನ ಕೈ ಕೆಳಗೆ ನುಸುಳಿ ಮೇಜಿನ ಮುಂದೆ ನಿಂತಳು. ಆ ಗಂಟಲು ಸೇತುವೆಯ ಆಚೆ ತುದಿಗೂ ಕೇಳಿಸುವಂಥದ್ದು.

"ಇವನನ್ನ ಹಿಡೀರಿ. ಇವನು ನನ್ನ ಮಗ. ರಾಜಕುಮಾರನ್ನ ಕೊಂದ ದಿನ ಖುಷಿಗೆ ಗುಂಡು ಹಾರಿಸಿದೋನು ಇವನೇ. ನಾನು ಕಣ್ಣಾರೆ ಕಂಡಿದೀನಿ. ಇವನು ಚಕ್ರವರ್ತಿಯ ದ್ರೋಹಿ. ಹಿಡೀರಿ, ಒಳಗೆ ಹಾಕಿ."

ನಮ್ಮವರೇ ಒಬ್ಬಿಬ್ಬರು ನೆಲಕ್ಕೆ ಉಗಿದರು, ಹೆತ್ತ ಮಗನನ್ನು ಹಿಡಿದುಕೊಡುವವಳನ್ನು ಅವರು ಎಂದೂ ಕಂಡಿರಲಿಲ್ಲ. ಓಸ್ತೊಯಾ ಬಂದೂಕಿಗೆ ಚಾಚಿದ ಕೈ ಹಾಗೆಯೇ ನಿಂತಿತು. ಪಕ್ಕದವನು ಅಧಿಕಾರಿಯ ಕಿವಿಯಲ್ಲಿ ಎಲ್ಲ ತಿಳಿಸಿ ಹೇಳಿದ. ಅಧಿಕಾರಿ ಸಿಮಾನಾಳನ್ನು ಮೇಲಿಂದ ಕೆಳಗೆ ನೋಡಿ, ಏನೋ ಅಂದು, ಮುಂದಿನವನು ಬರಲಿ ಎಂದು ಕೈ ಮಾಡಿದ.

"ಏನಂದ? ಏನಂದ ಅವನು?"

"ಸರಿ ಹೋಯ್ತಂತೆ," ಎಂದ ತಿಳಿಸಿ ಹೇಳುವವನು. "ಗುಂಡು ಹಾರಿಸೋದು ಹೊಸದಾಗಿ ಕಲಿಸಬೇಕಾಗಿಲ್ಲವಂತೆ."

ಕಾವಲಿನವರು ಅವಳನ್ನು ಎಳೆದು ರಸ್ತೆಯ ಬದಿಗೆ ನೂಕಿದರು. ಸಾಲು ಹೊರಟಿತು. ಯಾಕೆ ಹಾಗಂದೆ ಎಂದು ಹೇಳಲು ಅವಳು ಜೊತೆಜೊತೆಗೆ ಓಡಿದಳು, ಮಗನ ಹೆಸರು ಹಿಡಿದು ಕೂಗಿದಳು. ಡೋಲಿನ ಸದ್ದು ಎಲ್ಲವನ್ನೂ ನುಂಗಿತು. ಓಸ್ತೊಯಾ ಕಾಲೆಳೆದುಕೊಂಡು ಮೂರನೆಯ ಸಾಲಿನಲ್ಲಿ ಹೋಗುತ್ತಿದ್ದ. ಕೇಳಿಸದ ಕಿವಿಯೇ ಅವಳ ಕಡೆಗಿತ್ತು. ತಿರುಗಿ ನೋಡಲಿಲ್ಲ.

ಆಗಸ್ಟ್ ತಿಂಗಳ ನಡುವೆ ಅವರನ್ನು ದ್ರೀನಾ ದಾಟಿಸಿದರು. ಅಷ್ಟರಲ್ಲಿ ರಷ್ಯಾ ಬಂದಿತ್ತು, ಜರ್ಮನಿ ಬಂದಿತ್ತು, ಫ್ರಾನ್ಸ್ ಬಂದಿತ್ತು, ಇಂಗ್ಲೆಂಡೂ ಬಂದು ಕೂತಿತ್ತು. ಓಸ್ತೊಯಾ ಆಚೆ ದಂಡೆ ಮುಟ್ಟಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಬಿದ್ದ. ಸಿಮಾನಾ ಹುಟ್ಟಿದ ಊರಿನ ಕೆಳಗೆ, ಅವಳು ಹುಡುಗಿಯಾಗಿದ್ದಾಗ ಬಟ್ಟೆ ಒಗೆಯುತ್ತಿದ್ದ ಜಾಗದಲ್ಲಿ. ಸುದ್ದಿ ತಂದವನು ಯೂರೆ, ಅದೇ ತುಕಡಿಯಲ್ಲಿದ್ದವನು, ತೋಳಿಗೆ ಗಾಯವಾಗಿ ಹಿಂದಕ್ಕೆ ಬಂದಿದ್ದ. ದೆಸಾ ಗೋಡೆಗೆ ತಲೆ ಚಚ್ಚಿಕೊಂಡಳು, ಉಮಿಹಾನಾ ಅವಳನ್ನು ಹಿಡಿದುಕೊಂಡಳು. ಸಿಮಾನಾ ಅಳಲಿಲ್ಲ. ಅವಳಿಗೆ ಒಂದೇ ಒಂದು ಮಾತು ಕೇಳಬೇಕಿತ್ತು.

"ದಾರೀಲಿ ಏನಾದ್ರೂ ಅಂದನಾ ಕೂಮ? ನಾನು ಸೇತುವೆ ಹತ್ರ ಅಂದದ್ದಕ್ಕೆ?"

ಯೂರೆ ತೊಟ್ಟಿಲ ಕಡೆ ತಿರುಗಿದ. ಸುಳ್ಳು ಹೇಳಬಹುದಿತ್ತು. ಕೂಮನಿಗೆ ಕೂಮ ಸುಳ್ಳು ಹೇಳುವಂತಿಲ್ಲ.

"ಅಂದ. ಅಮ್ಮನಿಗೆ ನಾನೇನು ಮಾಡಿದ್ದೆ ಅಂತ ಕೇಳ್ತಾ ಇದ್ದ. ಹೊಳೆಗಿಳಿಯೋವರೆಗೂ ಅದನ್ನೇ ಕೇಳ್ತಾ ಇದ್ದ. ನಾನು ಹೇಳಿದೆ ಕೂಮವ್ವ, ಯಾಕೆ ಅಂತ ಎಲ್ಲಾ ಹೇಳಿದೆ. ಆ ಗದ್ದಲದಲ್ಲಿ ಅವನ ಕಿವಿಗೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ."